ಶಿಕಾಗೊದ ಬಿಲ್ಲಿ ಗೋಟ್ ಟ್ಯಾವರ್ನ್: ಕೆಳರಸ್ತೆ ಹುಡುಕಿ, ಡಬಲ್ ಚೀಸ್ ಹೇಳಿ

ಶಿಕಾಗೊದ ಮಿಶಿಗನ್ ಅವೆನ್ಯೂ ನದಿಯ ಹತ್ತಿರ ಎರಡು ಅಂತಸ್ತಿನ ರಸ್ತೆ. ಮೇಲಿನದರಲ್ಲಿ ಬಿಸಿಲು, ಹೂಕುಂಡ, ದುಬಾರಿ ಅಂಗಡಿಗಳು, ಫೋಟೊ ತೆಗೆಯುವ ಪ್ರವಾಸಿಗರು. ಕೆಳಗಿನದರಲ್ಲಿ ಸಾಲುಗಂಬಗಳು, ಹಗಲಲ್ಲೂ ಉರಿಯುವ ಮಬ್ಬು ದೀಪಗಳು, ಸರಕು ಇಳಿಸುವ ಲಾರಿಗಳು. ಬರ್ಗರ್ ಮಾರುವ ಹಳೆಯ ಬಾರು ಬಿಲ್ಲಿ ಗೋಟ್ ಟ್ಯಾವರ್ನ್ ಇರುವುದು ಈ ಕೆಳಗಿನ ರಸ್ತೆಯಲ್ಲಿ. ಫೋನಿನ ಮ್ಯಾಪ್ ಮೇಲೆ-ಕೆಳಗೆ ಎಂದು ಸರಿಯಾಗಿ ಹೇಳುವುದಿಲ್ಲ. ಹಾಗಾಗಿ ಮೊದಲ ಸಲ ಹೋದವರು ಬಾರಿನ ನೆತ್ತಿಯ ಮೇಲೇ ನಿಂತುಕೊಂಡು ಬಾಗಿಲು ಹುಡುಕುತ್ತಿರುತ್ತಾರೆ.

ಹೋಗುವ ಮೊದಲು ಇದು ಎಂಥ ಜಾಗ ಎಂದು ತಿಳಿದಿರಲಿ. ಅಮೆರಿಕದವರು ಡೈವ್ ಬಾರ್ ಎನ್ನುವುದು ಅಲಂಕಾರವಿಲ್ಲದ, ಹಳೆಯ, ಸುತ್ತಮುತ್ತ ದುಡಿಯುವವರು ಕೆಲಸ ಮುಗಿಸಿ ಬಂದು ಕೂರುವ ಬಾರಿಗೆ. ಮಂದ ಬೆಳಕು, ಸವೆದ ಕುರ್ಚಿ, ಗೋಡೆ ತುಂಬ ಹಳೆಯ ಚೌಕಟ್ಟುಗಳು. ಗ್ರೀಸಿನಿಂದ ವಲಸೆ ಬಂದ ವಿಲಿಯಂ ಸಿಯಾನಿಸ್ 1934ರಲ್ಲಿ ಇದನ್ನು ಶುರುಮಾಡಿದ್ದು ನಗರದ ಪಶ್ಚಿಮ ಭಾಗದ ಮ್ಯಾಡಿಸನ್ ರಸ್ತೆಯಲ್ಲಿ, ಶಿಕಾಗೊ ಸ್ಟೇಡಿಯಂ ಎದುರಿಗೆ. ಲಾರಿಯಿಂದ ಬಿದ್ದ ಒಂದು ಆಡು ಒಳಗೆ ಬಂತು, ಅವನು ಅದನ್ನು ಸಾಕಿಕೊಂಡು ತಾನೂ ಹೋತದ ಗಡ್ಡ ಬಿಟ್ಟ, ಬಾರಿಗೂ ಬಿಲ್ಲಿ ಗೋಟ್, ಅಂದರೆ ಹೋತ, ಎಂಬ ಹೆಸರು ಬಂತು ಎನ್ನುವುದು ಬಾರಿನವರೇ ಹೇಳುವ ಕತೆ. 1964ರಲ್ಲಿ ಬಾರು ಈಗಿನ ಜಾಗಕ್ಕೆ ಬಂತು. ಆಗ ಒಂದು ಕಡೆ ಟ್ರಿಬ್ಯೂನ್ ಪತ್ರಿಕೆಯ ಗೋಪುರ, ಇನ್ನೊಂದು ಕಡೆ ಸನ್-ಟೈಮ್ಸ್ ಮತ್ತು ಡೈಲಿ ನ್ಯೂಸ್ ಪತ್ರಿಕೆಗಳ ಕಚೇರಿ. ವರದಿಗಾರರು, ಉಪಸಂಪಾದಕರು, ಮುದ್ರಣದ ಕೆಲಸಗಾರರು ಪಾಳಿಯ ನಡುವೆ ಇಳಿದು ಬಂದು ತಿಂದು, ಕುಡಿದು, ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು. ಇಲ್ಲಿನ ಬರ್ಗರ್ ತೆಳುವಾಗಿರುವುದಕ್ಕೂ, ಕ್ಷಣದಲ್ಲಿ ಕೈಗೆ ಬರುವುದಕ್ಕೂ, ಬೆಲೆ ಜೇಬಿಗೆ ಹಗುರವಾಗಿರುವುದಕ್ಕೂ ಒಪ್ಪುವ ಗಿರಾಕಿಗಳು ಅವರು. ಅವಸರದಲ್ಲಿರುವ ಕೆಲಸಗಾರನ ಊಟ ಎಂದು ತಿಳಿದು ತಿಂದರೆ ಇದರ ರುಚಿ ಅರ್ಥವಾಗುತ್ತದೆ. ಈಗಿನ ಹೊಸ ಬರ್ಗರ್ ಅಂಗಡಿಗಳ ದಪ್ಪ, ರಸ ಸೋರುವ ಬರ್ಗರ್ ನಿರೀಕ್ಷಿಸಿ ಹೋದರೆ ಬೇಸರವೇ ಗತಿ.

ದಾರಿ

ವಿಳಾಸ 430 ನಾರ್ತ್ ಮಿಶಿಗನ್ ಅವೆನ್ಯೂ, ಕೆಳ ಅಂತಸ್ತು. ಶಿಕಾಗೊದ ಮನೆ ಸಂಖ್ಯೆಗಳ ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವ ಜಾಗವೇ ಸೊನ್ನೆ. ಅಲ್ಲಿಂದ ಉತ್ತರಕ್ಕೆ ಹೋದರೆ 800 ಸಂಖ್ಯೆಗೆ ಒಂದು ಮೈಲಿ. 430 ಉತ್ತರ ಎಂದರೆ ಮ್ಯಾಡಿಸನ್‌ನಿಂದ ಅರ್ಧ ಮೈಲಿಗಿಂತ ಸ್ವಲ್ಪ ಹೆಚ್ಚು ಉತ್ತರಕ್ಕೆ, ನದಿ ದಾಟಿದ ಮೇಲೆ. ಸಮಸಂಖ್ಯೆಗಳು ರಸ್ತೆಯ ಪಶ್ಚಿಮ ಬದಿಗೆ ಇರುತ್ತವೆ. ಆದ್ದರಿಂದ ನದಿ ದಾಟಿ ಉತ್ತರಕ್ಕೆ ನಡೆಯುವಾಗ ನಿಮ್ಮ ಎಡಕ್ಕಿರುವ ಪಾದಚಾರಿ ದಾರಿಯಲ್ಲೇ ಹೋಗಿ. ಬಿಳಿ ಗಡಿಯಾರ ಗೋಪುರದ ರಿಗ್ಲಿ ಕಟ್ಟಡ ದಾಟಿದ ಕೂಡಲೇ ಕೆಳಗಿಳಿಯುವ ಮೆಟ್ಟಿಲಿಗೂ ಆಡಿನ ಚಿತ್ರದ ಬೋರ್ಡಿಗೂ ಕಣ್ಣಿಡಿ. ಎದುರು ಬದಿಯಲ್ಲಿ 435ನೇ ಸಂಖ್ಯೆಯ ಟ್ರಿಬ್ಯೂನ್ ಗೋಪುರ ಕಾಣುತ್ತಿದ್ದರೆ ಸರಿಯಾದ ಜಾಗದಲ್ಲಿದ್ದೀರಿ.

ಶಿಕಾಗೊಗೆ ಬರುವ ಕನ್ನಡಿಗರಲ್ಲಿ ಬಹಳ ಜನ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಮ್ಯೂಸಿಯಂಗೆ ಹೋಗಿಯೇ ಹೋಗುತ್ತಾರೆ. 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದ್ದು ಆ ಕಟ್ಟಡದಲ್ಲಿ. ಅದೂ ಇದೇ ಮಿಶಿಗನ್ ಅವೆನ್ಯೂನಲ್ಲಿದೆ. ಅಲ್ಲಿಂದ ನೇರ ಉತ್ತರಕ್ಕೆ, ಎಲ್ಲೂ ತಿರುಗದೆ, ಸುಮಾರು 1.3 ಕಿಲೋಮೀಟರ್. ಆರಾಮಾಗಿ ನಡೆದರೆ 20 ನಿಮಿಷ. ದಾರಿಯಲ್ಲಿ ಸಿಗುವುದು 1920ರಲ್ಲಿ ಸಂಚಾರಕ್ಕೆ ತೆರೆದ, ಈಗ ಡುಸೇಬಲ್ ಸೇತುವೆ ಎಂದು ಕರೆಯುವ ಎರಡಂತಸ್ತಿನ ಎತ್ತುಸೇತುವೆ. ಬೆಳಗ್ಗೆ ಮ್ಯೂಸಿಯಂ, ಮಧ್ಯಾಹ್ನ ಇಲ್ಲಿ ಊಟ ಎಂದು ಹಾಕಿಕೊಂಡರೆ ಓಡಾಟ ಉಳಿಯುತ್ತದೆ.

ಓಹೇರ್ ವಿಮಾನ ನಿಲ್ದಾಣದಿಂದ ನೇರ ಬರುವವರು ಬ್ಲೂ ಲೈನ್ ರೈಲು ಹತ್ತಿ ಜಾಕ್ಸನ್‌ನಲ್ಲಿ ಇಳಿಯಿರಿ. ನೆಲದಡಿಯ ನಡೆದಾರಿಯಲ್ಲಿ ರೆಡ್ ಲೈನ್‌ಗೆ ದಾಟಿ, ಹಾವರ್ಡ್ ಕಡೆಗೆ ಹೋಗುವ ರೈಲು ಹಿಡಿಯಿರಿ. ಮನ್ರೊ, ಲೇಕ್, ಆಮೇಲೆ ಗ್ರ್ಯಾಂಡ್, ಅಲ್ಲಿ ಇಳಿಯಬೇಕು. ಇಲ್ಲೊಂದು ದೊಡ್ಡ ಮೋಸ ಇದೆ: ಬ್ಲೂ ಲೈನ್‌ನಲ್ಲೂ ಗ್ರ್ಯಾಂಡ್ ಎಂಬ ನಿಲ್ದಾಣ ಇದೆ. ಅದು ಬೇರೆ. ಹೆಸರು ಕೇಳಿ ಅಲ್ಲಿ ಇಳಿದುಬಿಟ್ಟರೆ ಸುಮಾರು 1.8 ಕಿಲೋಮೀಟರ್ ಪಶ್ಚಿಮದಲ್ಲಿ ಉಳಿದುಬಿಡುತ್ತೀರಿ. ಜನವರಿಯ ಚಳಿಯಲ್ಲಿ ಅಷ್ಟು ದೂರ ನಡೆಯುವುದು ಶಿಕ್ಷೆಯೇ ಸರಿ.

ರೆಡ್ ಲೈನ್‌ನ ಗ್ರ್ಯಾಂಡ್‌ನಿಂದ ಬರುವುದಕ್ಕೆ ಇನ್ನೊಂದು ಅನುಕೂಲ ಇದೆ. ಊರಿಂದ ಬಂದ ಅಪ್ಪ-ಅಮ್ಮನ ಮಂಡಿ ನೋವಿದ್ದರೆ, ಅಥವಾ ಕೈಯಲ್ಲಿ ಮಗುವಿನ ಗಾಡಿ ಇದ್ದರೆ ಇದೇ ದಾರಿ ಹಿಡಿಯಿರಿ. ಗ್ರ್ಯಾಂಡ್ ಅವೆನ್ಯೂ ಮಿಶಿಗನ್ ಅವೆನ್ಯೂವನ್ನು ಮೇಲಿನಿಂದ ದಾಟದೆ ಅದರ ಕೆಳಗೆ ಹಾದುಹೋಗುತ್ತದೆ. ಗ್ರ್ಯಾಂಡ್ ಮೇಲೆ ಪೂರ್ವಕ್ಕೆ ನಡೆದು ಸೇತುವೆಯಂಥ ರಸ್ತೆಯ ಅಡಿಗೆ ಬಂದಾಗ ದಕ್ಷಿಣಕ್ಕೆ, ಅಂದರೆ ಬಲಕ್ಕೆ ತಿರುಗಿದರೆ ರಸ್ತೆಯ ಮೆಟ್ಟಿಲು ಹತ್ತಿಳಿಯದೆ ಕೆಳ ಮಿಶಿಗನ್ ಸಿಗುತ್ತದೆ. ಅಲ್ಲಿ ಪಾದಚಾರಿ ದಾರಿ ಬಿಟ್ಟು ಕಾಲಿಡಬೇಡಿ. ಕಂಬಗಳ ಮರೆಯಿಂದ ಲಾರಿಗಳು ತಿರುಗುತ್ತವೆ, ಮಬ್ಬು ಬೆಳಕಿನಲ್ಲಿ ಚಾಲಕನಿಗೆ ನೀವು ತಡವಾಗಿ ಕಾಣುತ್ತೀರಿ.

ನೇಪರ್‌ವಿಲ್, ಅರೋರದಂಥ ಹೊರವಲಯದ ಊರುಗಳವರು ಕಾರಿನಲ್ಲಿ ಬರುವ ಯೋಚನೆ ಬಿಡುವುದು ಒಳ್ಳೆಯದು. ಪಾರ್ಕಿಂಗ್‌ಗೆ ಕೊಡುವ ದುಡ್ಡು ಊಟದ ಬಿಲ್ಲನ್ನೇ ಮೀರಬಹುದು, ಬಿಯರ್ ಕುಡಿದ ಮೇಲೆ ಸ್ಟೀರಿಂಗ್ ಹಿಡಿಯುವಂತೆಯೂ ಇಲ್ಲ. ಮೆಟ್ರಾ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ಗೆ ಬಂದರೆ ಅಲ್ಲಿಂದ ಸುಮಾರು ಎರಡೂವರೆ ಕಿಲೋಮೀಟರ್. ಊಬರ್, ಲಿಫ್ಟ್ (Lyft) ಟ್ಯಾಕ್ಸಿ ಕರೆಸುವವರು ಬಾರಿನ ಬಾಗಿಲಲ್ಲಿ ನಿಂತು ಬುಕ್ ಮಾಡಬಾರದು. ಕಾಂಕ್ರೀಟಿನ ಅಡಿಯಲ್ಲಿ ಜಿಪಿಎಸ್ ಸಂಕೇತ ಒಡೆದು, ಗಾಡಿ ಮೇಲೆ ಬಂದು ನಿಂತಿರುತ್ತದೆ, ನೀವು ಕೆಳಗೆ ಕಾಯುತ್ತಿರುತ್ತೀರಿ, ಕಾಯಿಸಿದ ಶುಲ್ಕ ನಿಮ್ಮ ಕಾರ್ಡಿಗೆ ಬೀಳುತ್ತದೆ. ಮೇಲೆ ಹತ್ತಿ ಬಂದು, ರಿಗ್ಲಿ ಕಟ್ಟಡದ ಹೆಸರು ಟೈಪ್ ಮಾಡಿ ಕರೆಸಿ.

ಇದೇ ಹೆಸರಿನ ಶಾಖೆಗಳು ನಗರದಲ್ಲಿ ಬೇರೆ ಕಡೆಯೂ ಇವೆ. ನೇವಿ ಪಿಯರ್‌ನ ಶಾಖೆಯನ್ನೇ ಮೂಲ ಬಾರು ಎಂದು ತಿಳಿದು ತಿಂದು ಬಂದವರು ಬೇಕಾದಷ್ಟು. ಬರ್ಗರ್ ಅದೇ ಇರಬಹುದು, ಆದರೆ ಗೋಡೆಯ ಮೇಲಿನ ಅರ್ಧ ಶತಮಾನ ಇರುವುದು ಕೆಳ ಮಿಶಿಗನ್‌ನಲ್ಲಿ ಮಾತ್ರ.

ಯಾವಾಗ, ಏನು ಹಿಡಿದು

ವಾರದ ದಿನ ಮಧ್ಯಾಹ್ನ 12ರಿಂದ 1.30ರವರೆಗೆ ಸುತ್ತಲಿನ ಕಚೇರಿಗಳವರ ನೂಕುನುಗ್ಗಲು. ಆ ಹೊತ್ತಿನಲ್ಲಿ ಕೂಗು, ವೇಗ ಎಲ್ಲ ನೋಡಲು ಚೆಂದ, ಗೋಡೆ ಓದಲು ಆಗುವುದಿಲ್ಲ. ಎರಡೂ ಬೇಕೆನ್ನುವವರಿಗೆ ಮಧ್ಯಾಹ್ನ 2.30ರಿಂದ 4.30ರ ನಡುವಿನ ಹೊತ್ತು ಸರಿ. ಕಾವಲಿ ಬಿಸಿ ಇರುತ್ತದೆ, ಮೇಜು ಖಾಲಿ ಇರುತ್ತವೆ, ಬಾರಿನವರಿಗೆ ಎರಡು ಮಾತಾಡಲು ಪುರುಸೊತ್ತು ಇರುತ್ತದೆ. ಬೇಸಗೆಯ ಶನಿವಾರ ಸಂಜೆ ಪ್ರವಾಸಿಗರ ಸಾಲು ಉದ್ದ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಹಗಲಲ್ಲೇ ಹೋಗಿ ಮೇಜಿನಲ್ಲಿ ಕೂರಿ, ಬಾರ್ ಕೌಂಟರಿನ ಸ್ಟೂಲು ಬೇಡ. ತೆರೆಯುವ-ಮುಚ್ಚುವ ವೇಳೆ ಹಬ್ಬಗಳಲ್ಲಿ ಬದಲಾಗುತ್ತದೆ, ಹೊರಡುವ ದಿನ ಒಮ್ಮೆ ನೋಡಿಕೊಳ್ಳಿ.

ಕುಡಿಯುವ ಯೋಚನೆ ಇದ್ದರೆ ಪಾಸ್‌ಪೋರ್ಟ್ ಜೊತೆಗಿರಲಿ. ಅಮೆರಿಕದಲ್ಲಿ ಮದ್ಯಕ್ಕೆ 21 ತುಂಬಿರಬೇಕು. ತಲೆ ನರೆತಿದ್ದರೂ ಗುರುತಿನ ಚೀಟಿ ಕೇಳುವ ಹಕ್ಕು ಅವರಿಗಿದೆ. ಆಧಾರ್ ಕಾರ್ಡ್ ನಡೆಯುವುದಿಲ್ಲ, ನಮ್ಮ ಚಾಲನಾ ಪರವಾನಗಿಯನ್ನು ಒಪ್ಪುತ್ತಾರೆಂಬ ಭರವಸೆ ಇಲ್ಲ, ಫೋನಿನಲ್ಲಿರುವ ಪಾಸ್‌ಪೋರ್ಟ್ ಫೋಟೊ ತೋರಿಸಿದರೂ ಬಹುಪಾಲು ಕಡೆ ಇಲ್ಲ ಎನ್ನುತ್ತಾರೆ.

ದುಡ್ಡು: ಕಾರ್ಡ್ ಇದ್ದರೂ ಒಂದು ಮತ್ತು ಐದು ಡಾಲರಿನ ನೋಟುಗಳು ಕೆಲವು ಕೈಯಲ್ಲಿರಲಿ, ಟಿಪ್ಸ್‌ಗೆ ಬೇಕಾಗುತ್ತವೆ. ಮೆನು ಬೋರ್ಡಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಶಿಕಾಗೊದ ಈ ಭಾಗದಲ್ಲಿ ಊಟದ ಮೇಲಿನ ತೆರಿಗೆ ಶೇಕಡಾ 11ಕ್ಕಿಂತ ಹೆಚ್ಚು, ಹಾಗಾಗಿ ಬೋರ್ಡ್ ನೋಡಿ ಚಿಲ್ಲರೆ ಎಣಿಸಿಟ್ಟುಕೊಂಡರೆ ಕೌಂಟರಿನಲ್ಲಿ ತಡಕಾಡಬೇಕಾಗುತ್ತದೆ. ಇಬ್ಬರು ಡಬಲ್ ಬರ್ಗರ್ ತಿಂದು ಒಂದೊಂದು ಬಿಯರ್ ಕುಡಿಯಲು 50-60 ಡಾಲರ್ ಇಟ್ಟುಕೊಂಡರೆ ಧಾರಾಳವಾಗುತ್ತದೆ.

ಇನ್ನೊಂದು ಮಾತು. ಕಾವಲಿಯ ಹೊಗೆಯ ವಾಸನೆ ಉಣ್ಣೆಯ ಕೋಟಿಗೆ ಹಿಡಿದರೆ ಎರಡು ದಿನ ಬಿಡುವುದಿಲ್ಲ. ಸಂಜೆಗೆ ಬೇರೆ ಕಾರ್ಯಕ್ರಮ ಇದ್ದವರು ಕೋಟು ಕಳಚಿ ಕಾವಲಿಯಿಂದ ದೂರದ ಕುರ್ಚಿಗೆ ಹಾಕಿ.

ಕೌಂಟರಿನ ಮುಂದೆ

ಒಳಗೆ ಹೋದರೆ ಕೂತುಕೊಂಡು ಸರ್ವರ್ ಬರಲಿ ಎಂದು ಕಾಯಬೇಡಿ. ಬರ್ಗರ್‌ಗೆ ನಮ್ಮ ದರ್ಶಿನಿಗಳ ಹಾಗೆ ಕೌಂಟರಿಗೇ ಹೋಗಿ ಹೇಳಬೇಕು. ಕಾವಲಿಯ ಹಿಂದೆ ನಿಂತವರು ನೀವು ಇನ್ನೂ ಮೂರು ಹೆಜ್ಜೆ ದೂರ ಇರುವಾಗಲೇ ಕೇಳಲು ಶುರುಮಾಡಬಹುದು. "ಚೀಝ್‌ಬೋರ್ಗರ್! ಚೀಝ್‌ಬೋರ್ಗರ್! ನೋ ಫ್ರೈಸ್, ಚೀಪ್ಸ್! ನೋ ಪೆಪ್ಸಿ, ಕೋಕ್!" ಎಂಬ ಆ ಗ್ರೀಕ್ ಉಚ್ಚಾರದ ಕೂಗು ದೇಶಕ್ಕೆಲ್ಲ ಗೊತ್ತಾಗಿದ್ದು ಟಿವಿಯಿಂದ. ಸ್ಯಾಟರ್‌ಡೇ ನೈಟ್ ಲೈವ್ ಕಾರ್ಯಕ್ರಮದಲ್ಲಿ 1978ರ ಜನವರಿ 28ರಂದು ಜಾನ್ ಬೆಲೂಶಿ ಮತ್ತು ತಂಡ ಈ ಬಾರಿನ ಮಾದರಿಯ ಹೋಟೆಲೊಂದರ ಪ್ರಹಸನ ಮಾಡಿದರು. ಬೆಲೂಶಿ ಶಿಕಾಗೊದವನು. ಪ್ರಹಸನದಲ್ಲಿ ಮಾತ್ರ ತಿರುಗುಮುರುಗು: ಅಲ್ಲಿ ಸಿಗುವುದು ಪೆಪ್ಸಿ, ಕೋಕ್ ಇಲ್ಲ. ಬಾರಿನಲ್ಲಿ ಕೋಕ್, ಪೆಪ್ಸಿ ಇಲ್ಲ.

ನಿಮ್ಮ ಸರದಿ ಬಂದಾಗ ಹೇಳಬೇಕಾದ್ದು ಇಷ್ಟೇ, ಇದೇ ಕ್ರಮದಲ್ಲಿ: ಎಷ್ಟು ಬರ್ಗರ್, ಅವು ಸಿಂಗಲ್ಲೋ ಡಬಲ್ಲೋ ಟ್ರಿಪಲ್ಲೋ, ಚೀಸ್ ಬೇಕೋ ಬೇಡವೋ, ಎಷ್ಟು ಚಿಪ್ಸ್. "ಟೂ ಡಬಲ್ ಚೀಸ್, ಟೂ ಚಿಪ್ಸ್" ಎಂದರೆ ಮುಗಿಯಿತು. ಜೊತೆಯವರ ಆರ್ಡರ್ ಸಾಲಿನಲ್ಲಿ ನಿಂತಾಗಲೇ ಕೇಳಿ ಲೆಕ್ಕ ಹಾಕಿಕೊಂಡಿರಿ. ಕೌಂಟರಿಗೆ ಬಂದ ಮೇಲೆ ಹಿಂದೆ ತಿರುಗಿ "ನಿಂಗೇನಪ್ಪಾ?" ಎಂದು ಕೇಳುತ್ತ ನಿಂತರೆ ಹಿಂದಿನವರ ಊಟದ ಬಿಡುವು ಕರಗುತ್ತದೆ. ಸಾಲು ಇದ್ದಾಗ ಅಡುಗೆಯವರು ಪ್ಯಾಟಿಗಳನ್ನು, ಅಂದರೆ ಕೊಚ್ಚಿದ ಮಾಂಸದ ಬಿಲ್ಲೆಗಳನ್ನು, ಮೊದಲೇ ಕಾವಲಿಗೆ ಹಾಕಿಟ್ಟಿರುತ್ತಾರೆ, ಆದ್ದರಿಂದ ತಡವಾಗುವುದು ಬಾಯಿಂದಲೇ ಹೊರತು ಬೆಂಕಿಯಿಂದಲ್ಲ.

ಮಾಂಸ ಎಷ್ಟು ಬೇಯಬೇಕು ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ನೀವೂ ಹೇಳಬೇಡಿ. ಪ್ಯಾಟಿ ಅಷ್ಟು ತೆಳುವಾದಾಗ ನಡುವೆ ಕೆಂಪು ಉಳಿಸುವುದು ಸಾಧ್ಯವಿಲ್ಲ, ಹೊರಮೈ ಕಂದಾಗುವಷ್ಟರಲ್ಲಿ ಒಳಗೂ ಬೆಂದಿರುತ್ತದೆ. ಕೊಚ್ಚಿದ ದನದ ಮಾಂಸ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬ ಅಮೆರಿಕದ ಸರ್ಕಾರಿ ಸೂಚನೆ ತೆಳು ಪ್ಯಾಟಿಯಲ್ಲಿ ತಾನಾಗಿ ಪಾಲನೆಯಾಗುತ್ತದೆ. ಲೆಟಿಸ್, ಟೊಮೆಟೊ, ಬೇಕನ್, ಅವಕಾಡೊ ಎಂದು ಪಟ್ಟಿ ಹೇಳುವುದೂ ಬೇಡ.

ಸಿಂಗಲ್ ತೆಗೆದುಕೊಂಡು ನಿರಾಶರಾಗುವುದು ಇಲ್ಲಿ ಬಹಳ ಜನ ಮಾಡುವ ತಪ್ಪು. ಕಾರಣ ಸರಳ. ಬರ್ಗರ್ ಬರುವುದು ಕೈಸರ್ ರೋಲ್‌ನಲ್ಲಿ. ನೆತ್ತಿಯ ಮೇಲೆ ನಡುವಿನಿಂದ ಸುರುಳಿಯಾಗಿ ಹೊರಟ ಗೆರೆಗಳಿರುವ, ಹೊರಪದರ ಸ್ವಲ್ಪ ಬಿರುಸಾದ, ಒಳಗೆ ಒಣಗಿದಂತಿರುವ ದೊಡ್ಡ ಬನ್ ಅದು. ಅದರೊಳಗೆ ಒಂದೇ ತೆಳು ಪ್ಯಾಟಿ ಇಟ್ಟರೆ ಬಾಯಿ ತುಂಬ ಬ್ರೆಡ್ಡೇ. ಎರಡು ಪ್ಯಾಟಿ, ಎರಡು ಚೀಸ್ ಆದಾಗ ಮಾಂಸ, ಕೊಬ್ಬು, ಬ್ರೆಡ್ಡು ಒಂದಕ್ಕೊಂದು ಸರಿಹೊಂದುತ್ತವೆ. ಕೌಂಟರಿನವರೂ ಡಬಲ್ ಚೀಸ್ ಒಳ್ಳೆಯದು ಎಂದು ಕೂಗಿ ಹೇಳುವುದು ವಾಡಿಕೆ, ಅದು ವ್ಯಾಪಾರದ ಮಾತಾದರೂ ನಿಜವಾದ ಸಲಹೆ. ಟ್ರಿಪಲ್ ಹಸಿದವರಿಗೆ, ಆದರೆ ಮೂರನೆಯ ಪ್ಯಾಟಿ ಬಂದಾಗ ಉಪ್ಪು ಮತ್ತು ಚೀಸ್ ಮೇಲುಗೈಯಾಗಿ, ಉಪ್ಪು ಸೌತೆಕಾಯಿ-ಈರುಳ್ಳಿಗೆ ಜಾಗವೇ ಇರುವುದಿಲ್ಲ.

ಚೀಸ್ ಬಗ್ಗೆ ಮೂಗು ಮುರಿಯುವವರಿದ್ದಾರೆ. ಇಂಥ ಬರ್ಗರ್‌ಗೆ ಸಂಸ್ಕರಿಸಿದ ಅಮೆರಿಕನ್ ಚೀಸೇ ತಕ್ಕದ್ದು. ಬಹುಕಾಲ ಮಾಗಿಸಿದ ಚೆಡ್ಡರ್ ಚೀಸ್ ಬಿಸಿಗೆ ಕೊಬ್ಬು ಬಿಟ್ಟು ಎಣ್ಣೆಯಾಗಿ ಬೇರ್ಪಡುತ್ತದೆ. ಸಂಸ್ಕರಿಸಿದ್ದರಲ್ಲಿ ಸೋಡಿಯಂ ಸಿಟ್ರೇಟ್‌ನಂಥ ಲವಣ ಸೇರಿಸಿರುತ್ತಾರೆ. ಅದು ಕೊಬ್ಬನ್ನೂ ನೀರನ್ನೂ ಬಿಡದೆ ಹಿಡಿದಿಡುವುದರಿಂದ ಚೀಸ್ ಸಾರಿನಂತೆ ಸಮವಾಗಿ ಕರಗಿ ಪ್ಯಾಟಿಯ ಅಂಚಿನ ಗರಿಗರಿ ಸಂದುಗಳಿಗೆ ಇಳಿಯುತ್ತದೆ.

ಬರ್ಗರ್ ಕೈಗೆ ಬರುವುದು ಬರಿದಾಗಿ: ರೋಲ್, ಮಾಂಸ, ಚೀಸ್, ಅಷ್ಟೇ. ಮಿಕ್ಕಿದ್ದೆಲ್ಲ ನೀವೇ ಹಾಕಿಕೊಳ್ಳಬೇಕು. ಉಪ್ಪಿನಲ್ಲಿ ನೆನೆದ ಸೌತೆಕಾಯಿ ಬಿಲ್ಲೆ, ಹಸಿ ಈರುಳ್ಳಿ, ಸಾಸಿವೆ ಸಾಸ್, ಕೆಚಪ್, ಸಿಹಿ-ಹುಳಿ ರೆಲಿಶ್ ಪಕ್ಕದಲ್ಲಿ ಇಟ್ಟಿರುತ್ತಾರೆ. ಇದನ್ನು ಗಮನಿಸದೆ ನೇರ ಮೇಜಿಗೆ ಹೋಗಿ ಕಚ್ಚಿ "ಸಪ್ಪೆ" ಎಂದು ತೀರ್ಪು ಕೊಟ್ಟವರು ಅನೇಕರು. ಹಾಕುವ ಕ್ರಮ ಹೀಗಿರಲಿ:

ಮೇಲಿನ ರೋಲ್ ಎತ್ತಿ ಅದರ ಒಳಮೈಗೆ ಸಾಸಿವೆ ಸಾಸ್ ಸವರಿ, ಒಂದು ಚಹಾ ಚಮಚದಷ್ಟು ಸಾಕು. ಒಣ ಬ್ರೆಡ್ಡು ಅದನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಚೀಸಿನ ಮೇಲೆ ಸೌತೆಕಾಯಿ ಬಿಲ್ಲೆ ನಾಲ್ಕು, ಒಂದರ ಮೇಲೊಂದು ಬೀಳದಂತೆ ಹರಡಿ. ಅದರ ಮೇಲೆ ಒಂದು ದೊಡ್ಡ ಚಮಚ ಈರುಳ್ಳಿ. ಈರುಳ್ಳಿಯನ್ನು ಮೊದಲು ಹಾಕಿದರೆ ಕರಗಿದ ಚೀಸಿನ ಮೇಲೆ ಜಾರಿ ಮೊದಲ ಕಚ್ಚಿಗೇ ಹೊರಬೀಳುತ್ತದೆ, ಬಿಲ್ಲೆಗಳು ಅದನ್ನು ತಡೆಯುತ್ತವೆ. ಕೆಚಪ್ ಇಷ್ಟವಿದ್ದವರು ಕೆಳಗಿನ ರೋಲ್‌ಗೆ ತೆಳುವಾಗಿ ಹಾಕಿ, ರೆಲಿಶ್ ಹಾಕಿದ್ದರೆ ಕೆಚಪ್ ಬಿಡಿ, ಎರಡೂ ಸಿಹಿಯೇ. ಶಿಕಾಗೊದಲ್ಲಿ ಕೆಚಪ್ ನಿಷಿದ್ಧ ಎಂಬ ಮಾತು ಹಾಟ್ ಡಾಗ್‌ಗೆ ಸಂಬಂಧಿಸಿದ್ದು, ಬರ್ಗರ್‌ಗೆ ಅಲ್ಲ. ಮುಚ್ಚಿದ ಮೇಲೆ ಅಂಗೈಯಿಂದ ಒಮ್ಮೆ ಮೆಲ್ಲಗೆ ಒತ್ತಿ, ಅರ್ಧ ನಿಮಿಷ ಬಿಟ್ಟು ಕಚ್ಚಿ. ಆ ಅರ್ಧ ನಿಮಿಷದಲ್ಲಿ ಹಬೆ ರೋಲ್‌ನ ಬಿರುಸನ್ನು ಇಳಿಸುತ್ತದೆ. ಹತ್ತು ನಿಮಿಷ ಬಿಟ್ಟರೆ ಚೀಸ್ ಹೆಪ್ಪುಗಟ್ಟಿ, ಕೊಬ್ಬು ಮೇಣದಂತಾಗುತ್ತದೆ. ಫೋಟೊ ಆಮೇಲೆ ತೆಗೆಯಬಹುದು.

ದನದ ಮಾಂಸ ತಿನ್ನದವರಿಗೆ

ನೇರವಾಗಿ ಹೇಳುವುದಾದರೆ ಇಲ್ಲಿನ ಬರ್ಗರ್ ದನದ ಮಾಂಸದ್ದು. ಹ್ಯಾಮ್‌ಬರ್ಗರ್ ಎಂಬ ಹೆಸರು ಕೇಳಿ ಹಂದಿಮಾಂಸ ಎಂದುಕೊಂಡು ಆರ್ಡರ್ ಮಾಡುವವರೂ, ಬಿಡುವವರೂ ಇದ್ದಾರೆ. ಮನೆಯ ಹಿರಿಯರಿಗೆ ಇದನ್ನು ಬಾಗಿಲಲ್ಲೇ ತಿಳಿಸಿಬಿಡಿ. ಹಲಾಲ್ ಬಗ್ಗೆ ನಿಷ್ಠೆ ಇರುವವರು ಇಲ್ಲಿ ಬರ್ಗರ್ ತಿನ್ನುವ ಯೋಚನೆ ಮಾಡಬೇಡಿ. ಸಸ್ಯಾಹಾರಿಗಳು ಮಾಂಸ ಬಿಟ್ಟು ಚೀಸ್ ಮಾತ್ರ ಹಾಕಿ ರೋಲ್ ಕೊಡಿ ಎಂದು ಕೇಳಬಹುದು, ಆದರೆ ಕಾವಲಿಯೂ ಒಂದೇ, ಅದರ ಮೇಲಾಡುವ ಸಟ್ಟುಗವೂ ಒಂದೇ. ಆ ವಿಷಯದಲ್ಲಿ ಮನಸ್ಸು ಒಪ್ಪದವರಿಗೆ ಪೊಟ್ಟಣದ ಚಿಪ್ಸ್, ಕೋಕ್ ಅಥವಾ ಬಿಯರ್ ಇದೆ. ಹೊಟ್ಟೆ ತುಂಬಿಸಿಕೊಂಡು ಬಂದು ಬರೀ ಜಾಗ ನೋಡಿ ಹೋದರೂ ಬಂದದ್ದು ವ್ಯರ್ಥವಲ್ಲ, ಗೋಡೆ ಅಷ್ಟು ಸಮೃದ್ಧವಾಗಿದೆ. ಸಾಲಿನ ಸಮಯದಲ್ಲಿ ಮಾತ್ರ ಏನೂ ಕೊಳ್ಳದೆ ಮೇಜು ಹಿಡಿಯಬೇಡಿ.

ಬಾರಿನಲ್ಲಿ

ಊಟದ ದುಡ್ಡು ಕಾವಲಿಯ ಕೌಂಟರಿನಲ್ಲಿ, ಮದ್ಯದ್ದು ಬಾರಿನಲ್ಲಿ ಎಂದು ತಿಳಿದುಕೊಂಡು ಹೊರಟರೆ ಗೊಂದಲ ಇರುವುದಿಲ್ಲ. ಸ್ಟೂಲಿನ ಮೇಲೆ ಯಾರದಾದರೂ ಕೋಟು, ಮುಂದೆ ಅರ್ಧ ಗ್ಲಾಸು ಇದ್ದರೆ ಅದು ಖಾಲಿಯಲ್ಲ. ಸುಮ್ಮನೆ ಪಕ್ಕದವರನ್ನು ಕೇಳಿ.

ಅಳತೆ ನಮ್ಮದಲ್ಲ. ಬಿಯರಿನ ಬಾಟಲಿ ಅಥವಾ ಡಬ್ಬಿ 12 ಔನ್ಸ್, ಅಂದರೆ 355 ಮಿಲಿಲೀಟರ್. ಪೈಂಟ್ ಗ್ಲಾಸು 16 ಔನ್ಸ್, 473 ಮಿಲಿಲೀಟರ್. ನಮ್ಮ 650ರ ಬಾಟಲಿ ಲೆಕ್ಕದಲ್ಲಿ ಕುಡಿಯುವವರಿಗೆ ಇದು ಚಿಕ್ಕದೆನಿಸಬಹುದು. ಸ್ಪಿರಿಟ್ ಒಂದು ಶಾಟ್ ಎಂದರೆ ಸಾಮಾನ್ಯವಾಗಿ 1.5 ಔನ್ಸ್, 44 ಮಿಲಿಲೀಟರ್. ನಮ್ಮ 30ರ ಸಣ್ಣ ಪೆಗ್ಗಿಗಿಂತ ಒಂದೂವರೆ ಪಟ್ಟು. "ಸ್ಮಾಲ್", "ಲಾರ್ಜ್" ಎಂದರೆ ಅರ್ಥವಾಗುವುದಿಲ್ಲ, "ಸಿಂಗಲ್", "ಡಬಲ್" ಎನ್ನಿ. ಡಬಲ್ ಎಂದರೆ 88 ಮಿಲಿಲೀಟರ್, ಎಚ್ಚರ ಇರಲಿ. ಪ್ರತಿ ಡ್ರಿಂಕಿಗೆ ಒಂದು ಡಾಲರ್ ಬಾರ್ ಮೇಲೆ ಬಿಡುವುದು ರೂಢಿ, ಕಾರ್ಡಿನಲ್ಲಾದರೆ ಶೇಕಡಾ 20. ಕಾರ್ಡ್ ಕೊಟ್ಟಾಗ "ಓಪನ್ ಆರ್ ಕ್ಲೋಸ್?" ಎನ್ನುತ್ತಾರೆ. ಇನ್ನೂ ಕುಡಿಯುವುದಿದ್ದರೆ ಓಪನ್, ಇಷ್ಟೇ ಆದರೆ ಕ್ಲೋಸ್. ಓಪನ್ ಎಂದು ಹೇಳಿ ಮರೆತು ಎದ್ದು ಹೋದರೆ ಅವರೇ ಟಿಪ್ಸ್ ಸೇರಿಸಿ ಬಿಲ್ ಮುಗಿಸಬಹುದು, ಕಾರ್ಡೂ ಅಲ್ಲೇ ಉಳಿಯಬಹುದು. ಗ್ಲಾಸು ಹಿಡಿದು ರಸ್ತೆಗೆ ಹೋಗುವಂತಿಲ್ಲ, ಸಿಗರೇಟು ಹೊರಗೆ.

ಶಿಕಾಗೊದ ಬಾರುಗಳಲ್ಲಿ ಯಾರಾದರೂ ಮಲೋರ್ಟ್ ಕುಡಿಸಲು ನೋಡಬಹುದು. ಸ್ವೀಡನ್‌ನಿಂದ ವಲಸೆ ಬಂದ ಕಾರ್ಲ್ ಜೆಪ್ಸನ್ ಈ ನಗರಕ್ಕೆ ತಂದ, ಶೇಕಡಾ 35 ಆಲ್ಕೋಹಾಲ್ ಇರುವ, ಮಾಚಿಪತ್ರೆಯ ಜಾತಿಯ ಗಿಡ ಹಾಕಿದ ಕಹಿ ಮದ್ಯ. ನುಂಗಿದ ಮೇಲೆ ಕಹಿ ಏರುತ್ತ ಹೋಗುತ್ತದೆ, ಬೇವಿನ ಎಸಳು ಅಗಿದು ಅಭ್ಯಾಸ ಇರುವವರಿಗೆ ಅಷ್ಟೇನೂ ಕಷ್ಟವಿಲ್ಲ. ಬರ್ಗರ್ ತಿನ್ನುವ ಮೊದಲು ಮಾತ್ರ ಬೇಡ, ನಾಲಗೆ ಹತ್ತು ನಿಮಿಷ ಬೇರೆ ರುಚಿ ಹಿಡಿಯುವುದಿಲ್ಲ.

ಗೋಡೆ ಓದುವುದು

ತಿಂದು ಕೈ ತೊಳೆದುಕೊಂಡು ಗೋಡೆಗಳಿಗೆ ಅರ್ಧ ಗಂಟೆ ಕೊಡಿ. ಇಲ್ಲಿ ಬರುತ್ತಿದ್ದ ಪತ್ರಕರ್ತರ ಹೆಸರುಗಳನ್ನು, ಅವರ ಲೇಖನಗಳ ನೆತ್ತಿಯಲ್ಲಿ ಅಚ್ಚಾಗುತ್ತಿದ್ದ ರೂಪದಲ್ಲೇ, ದೊಡ್ಡದಾಗಿ ಹಾಕಿದ್ದಾರೆ. ಅವುಗಳ ನಡುವೆ ಮೈಕ್ ರಾಯ್ಕೊ ಹೆಸರು ಹುಡುಕಿ. ಡೈಲಿ ನ್ಯೂಸ್, ಅದು 1978ರಲ್ಲಿ ಮುಚ್ಚಿದ ಮೇಲೆ ಸನ್-ಟೈಮ್ಸ್, 1984ರಿಂದ ಟ್ರಿಬ್ಯೂನ್, ಹೀಗೆ ಮೂರೂ ಪತ್ರಿಕೆಗಳಲ್ಲಿ ಅಂಕಣ ಬರೆದು, 1972ರಲ್ಲಿ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಪಡೆದವನು. ಕೆಲಸ ಮುಗಿಸಿ ಇಲ್ಲೇ ಕೂರುತ್ತಿದ್ದ. ಈ ಬಾರಿನ ಹೆಸರು ಊರ ಬಾಯಲ್ಲಿ ಉಳಿದದ್ದರಲ್ಲಿ ಅವನ ಅಂಕಣಗಳ ಪಾಲು ದೊಡ್ಡದು.

ಆಡಿನ ಶಾಪದ ಚೌಕಟ್ಟುಗಳನ್ನು ಅರ್ಥಮಾಡಿಕೊಳ್ಳಲು ಇಷ್ಟು ತಿಳಿದಿದ್ದರೆ ಸಾಕು. 1945ರ ಅಕ್ಟೋಬರ್ 6, ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯ, ರಿಗ್ಲಿ ಫೀಲ್ಡ್. ಡೆಟ್ರಾಯಿಟ್ ಟೈಗರ್ಸ್ ಎದುರು ಶಿಕಾಗೊ ಕಬ್ಸ್ ಸರಣಿಯಲ್ಲಿ 2-1ರಿಂದ ಮುಂದಿತ್ತು. ಸಿಯಾನಿಸ್ ತನಗೊಂದು, ಮರ್ಫಿ ಎಂಬ ತನ್ನ ಆಡಿಗೊಂದು ಟಿಕೆಟ್ ಹಿಡಿದು ಹೋದ. ಆಡನ್ನು ಹೊರಹಾಕಿದರು. ಕಬ್ಸ್ ಇನ್ನು ಗೆಲ್ಲುವುದಿಲ್ಲ ಎಂದು ಅವನು ಶಪಿಸಿದ ಎಂಬುದು ಕತೆ. ಆ ಪಂದ್ಯ ಸೋತರು, ಸರಣಿಯನ್ನೂ 4-3ರಿಂದ ಸೋತರು, ಮತ್ತೆ ವರ್ಲ್ಡ್ ಸೀರೀಸ್ ಆಡಲು 2016 ಬರಬೇಕಾಯಿತು. ಆ ವರ್ಷ ಕ್ಲೀವ್‌ಲ್ಯಾಂಡ್ ತಂಡವನ್ನು ಸೋಲಿಸಿ, 1908ರ ನಂತರ ಮೊದಲ ಸಲ ಗೆದ್ದರು. ಸಿಯಾನಿಸ್ 1970ರಲ್ಲೇ ತೀರಿಕೊಂಡಿದ್ದ, ಬಾರನ್ನು ಅವನ ಅಣ್ಣ-ತಮ್ಮಂದಿರ ಕಡೆಯ ಮಗ ಸ್ಯಾಮ್ ಸಿಯಾನಿಸ್ ನಡೆಸಿಕೊಂಡು ಬಂದ.

ಇದೇ ಬಾರಿನ ಖಾಯಂ ಗಿರಾಕಿ ರಾಯ್ಕೊ 1997ರ ಮಾರ್ಚ್‌ನಲ್ಲಿ ಬರೆದ ತನ್ನ ಕೊನೆಯ ಅಂಕಣದಲ್ಲಿ ಶಾಪದ ಮಾತನ್ನು ತಳ್ಳಿಹಾಕಿದ. ತಂಡದ ಮಾಲೀಕ ರಿಗ್ಲಿ ಕಪ್ಪು ಆಟಗಾರರನ್ನು ತೆಗೆದುಕೊಳ್ಳಲು ವರ್ಷಗಟ್ಟಲೆ ಹಿಂಜರಿದದ್ದೇ ಸೋಲಿಗೆ ಕಾರಣ, ಆಡಿನ ಮೇಲೆ ಗೂಬೆ ಕೂರಿಸಬೇಡಿ ಎಂಬುದು ಅದರ ತಿರುಳು. ಮುಂದಿನ ತಿಂಗಳು ಅವನು ತೀರಿಕೊಂಡ. ಶಾಪದ ಚಿತ್ರಗಳ ಮುಂದೆ ನಿಂತವರು ಈ ಅಂಕಣವನ್ನೂ ನೆನೆಯಬೇಕು, ಬಾರಿಗೂ ಪತ್ರಿಕೆಗೂ ಇದ್ದ ನಂಟು ಎಂಥದ್ದೆಂದು ಅದರಲ್ಲಿ ಗೊತ್ತಾಗುತ್ತದೆ.

ಚೌಕಟ್ಟುಗಳ ಫೋಟೊ ಧಾರಾಳವಾಗಿ ತೆಗೆಯಿರಿ, ಫ್ಲ್ಯಾಶ್ ಹಾಕಬೇಡಿ, ಗಾಜಿನ ಮೇಲೆ ಬರೀ ಬಿಳಿ ಮಚ್ಚೆ ಬರುತ್ತದೆ. ಫೋನನ್ನು ಸ್ವಲ್ಪ ಓರೆ ಹಿಡಿದರೆ ಬಾರಿನ ದೀಪದ ಪ್ರತಿಬಿಂಬ ತಪ್ಪುತ್ತದೆ. ಕುಡಿಯುತ್ತ ಕೂತವರು ಚಿತ್ರದಲ್ಲಿ ಬರುವುದಾದರೆ ಮೊದಲು ಕೇಳಿ. ಟಿವಿ ಪ್ರಹಸನದ ಉಚ್ಚಾರದಲ್ಲಿ ಕೆಲಸದವರಿಗೇ ಕೂಗಿ ಹೇಳುವುದನ್ನು ದಯವಿಟ್ಟು ಮಾಡಬೇಡಿ. ಅವರು ದಿನವಿಡೀ ಕೇಳಿರುತ್ತಾರೆ, ಮತ್ತು ಅದು ಒಬ್ಬ ವಲಸಿಗನ ನಾಲಗೆಯ ಅನುಕರಣೆ. ನಮ್ಮ ಇಂಗ್ಲಿಷನ್ನು ಯಾರಾದರೂ ಹಾಗೆ ಆಡಿ ತೋರಿಸಿದರೆ ನಮಗೆ ಹೇಗಾಗುತ್ತದೆಂದು ಅಲ್ಲಿರುವ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಕಟ್ಟಿಸಿಕೊಂಡು ಹೋಗುವುದು

ಹೋಟೆಲ್ ರೂಮಿಗೆ ಪಾರ್ಸೆಲ್ ಒಯ್ಯುವುದು ಸಾಮಾನ್ಯವಾಗಿ ಕೆಡುತ್ತದೆ. ಕಾಗದ ಸುತ್ತಿದ ಕೂಡಲೇ ಹಬೆ ಒಳಗೇ ಉಳಿದು, ಹದಿನೈದು ನಿಮಿಷದಲ್ಲಿ ರೋಲ್ ತೊಯ್ದು, ಚೀಸ್ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಒಯ್ಯಲೇಬೇಕಾದರೆ ಕಾಗದದ ಒಂದು ತುದಿ ತೆರೆದಿಡಿ. ಈರುಳ್ಳಿ, ಸೌತೆಕಾಯಿ ಒಳಗೆ ಹಾಕದೆ ಬೇರೆ ಲೋಟದಲ್ಲಿ ತೆಗೆದುಕೊಳ್ಳಿ. ತಣ್ಣಗಾದದ್ದನ್ನು ಮೈಕ್ರೊವೇವ್‌ನಲ್ಲಿ ಇಡೀಯಾಗಿ ಬಿಸಿ ಮಾಡಿದರೆ ರೋಲ್ ರಬ್ಬರಾಗುತ್ತದೆ. ಮಾಂಸವನ್ನು ಬೇರ್ಪಡಿಸಿ 30 ಸೆಕೆಂಡ್, ರೋಲ್ ಹೊರಗೆ. ಹೊರಗಿಟ್ಟು ಎರಡು ಗಂಟೆ ದಾಟಿದ್ದರೆ ಬಿಸಾಡಿ. ಮರುದಿನ ಮತ್ತೆ ಹಸಿವಾದರೆ ಬೇರೆ ಡಬಲ್ ಚೀಸ್ ತಿನ್ನಲು ಮೆಟ್ಟಿಲಿಳಿಯಿರಿ.